ಕುರ್ಚಿಯಲ್ಲಿ ಕೂತವನೇ ನೇಕಾರ

ನಾರಾಯಣಪೇಟೆಯ ನೇಕಾರರ ಸಂಘಕ್ಕೆ ಸೀರೆ ದಾಖಲಿಸುವ ವೆಬ್ ಆಪ್ ಬರೆದುಕೊಟ್ಟ ಶ್ರೀನಾಥನಿಗೆ ಮನೆದೇವರಿಗಿಂತ ತನ್ನ ಜಾಣತನದ ಮೇಲೇ ಭಕ್ತಿ ಹೆಚ್ಚು. ‘ನೇಯ್ದವರು ಯಾರು’ ಎಂಬ ಖಾನೆಯನ್ನೇ ಅವನು ಕಿತ್ತುಹಾಕಿದ್ದ. ಪ್ರತಿ ಸಲ ಸೇವ್ ಆಗುವಾಗ ಸೀರೆಯ ಮಾಡೆಲ್, ಅಂದರೆ ಆಪ್‌ನೊಳಗೆ ಸೀರೆಯ ವಿವರ ಹಿಡಿದಿಡುವ ಭಾಗ, ತಾನೇ ಹೊರಗೆ ಇಣುಕಿ, ಲಾಗಿನ್ ಆಗಿ ಕೂತವರ ಹೆಸರನ್ನೇ ನೇಯ್ದವರ ಹೆಸರೆಂದು ಎತ್ತಿಕೊಳ್ಳುತ್ತಿತ್ತು.

ಗದ್ವಾಲದಲ್ಲಿ ಇಂಥದ್ದೇ ಕೆಲಸ ಮಾಡುವ ಗೆಳತಿ ಕರುಣಾ ಆಗಲೇ ಎಚ್ಚರಿಸಿದ್ದಳು. “ಕುರ್ಚಿ ಮ್ಯಾಲ ಯಾರು ಕುಂತಾರ ಅನ್ನೋ ಉಸಾಬರಿ ಸೀರಿಗ್ಯಾಕ? ನೇಯ್ದವ್ರ ಹೆಸರು ನೀನ ಅದರ ಕೈಯಾಗ ಕೊಡು.”

ಶ್ರೀನಾಥ ನಕ್ಕುಬಿಟ್ಟ.

ಉಳಿದ ನೇಕಾರರು ಮನೆಯಲ್ಲೇ ಕೂತು ಫೋನಿನಿಂದ ದಾಖಲಿಸುತ್ತಿದ್ದರು. ಬುಚ್ಚಮ್ಮ ಮಾತ್ರ ಸೀರೆ ಮಡಚಿ ಸಂಘಕ್ಕೆ ತರುವವಳು. ನೇಯ್ದದ್ದನ್ನು ಕೈಯಿಂದ ಕೈಗೆ ಕೊಡಬೇಕು ಎಂಬುದು ಅವಳ ಅತ್ತೆ ಕಲಿಸಿದ ರೂಢಿ. ಅವನ್ನು ಗುಮಾಸ್ತ ಸಾಯಣ್ಣ ತನ್ನ ಲಾಗಿನ್‌ನಲ್ಲಿ ಏರಿಸುತ್ತಿದ್ದ. ವರ್ಷದ ಕೊನೆಗೆ ನೋಡಿದರೆ, ಅಂಗಿಯ ಗುಂಡಿ ಹೊಲಿಯಲೂ ಬಾರದ ಸಾಯಣ್ಣ ನಲವತ್ತೊಂದು ಸೀರೆ ನೇಯ್ದಿದ್ದ! ಬುಚ್ಚಮ್ಮನದು ಸೊನ್ನೆ. ವರ್ಷದಲ್ಲಿ ಒಂದೂ ಸೀರೆ ನೇಯದವರ ಸರ್ಕಾರಿ ನೇಕಾರ ಕಾರ್ಡು ರದ್ದಾಗುತ್ತಿತ್ತು. ಪಟ್ಟಿ ಅದೇ ಸಂಜೆ ಮೇಲಿನ ಕಚೇರಿಗೆ ಹೋಗಬೇಕಿತ್ತು.

ಸುದ್ದಿ ಕೇಳಿ ಬುಚ್ಚಮ್ಮ ಓಡಿ ಬಂದಳು. “ನಲವತ್ತು ವರ್ಷ ಮಗ್ಗ ತುಳದೀನಪಾ. ಸೆರಗಿನ ತುದಿ ನೋಡು. ಎರಡು ಹಸರ ಎಳಿ, ಒಂದು ಕೆಂಪು. ಈ ಗಂಟು ನಂದು.”

ದಾಖಲೆಯ ನಲವತ್ತೊಂದು ಫೋಟೋಗಳಲ್ಲೂ ಅದೇ ಗಂಟಿತ್ತು. ಶ್ರೀನಾಥನಿಗೆ ನಾಚಿಕೆಯಾಯಿತು. “ಈಗಿಂದೀಗ ಸರಿ ಮಾಡ್ತೀನ್ರಿ ಅವ್ವ,” ಎಂದು ಸಾಯಣ್ಣನನ್ನು ಕುರ್ಚಿಯಿಂದ ಎಬ್ಬಿಸಿ, ತಾನು ಲಾಗಿನ್ ಆಗಿ, ಕಿತ್ತ ಖಾನೆಯನ್ನು ಮತ್ತೆ ಕೂರಿಸಿ, ಅಷ್ಟೂ ಸೀರೆಗೆ ಬುಚ್ಚಮ್ಮನ ಹೆಸರು ಬರೆದು ಸೇವ್ ಒತ್ತಿದ. ‘ಯಶಸ್ವಿ’ ಎಂದು ಬಂತು. ಪಟ್ಟಿಯನ್ನು ತೆರೆದೂ ನೋಡದೆ ಕಳಿಸಿದ. ತಾನು ಬರೆದದ್ದನ್ನು ತಾನೇ ಪರೀಕ್ಷಿಸುವುದು ಅವನಿಗೆ ಅವಮಾನ.

ಹದಿನೈದು ದಿನಕ್ಕೆ ಎರಡು ಲಕೋಟೆ ಬಂದವು. ಒಂದರಲ್ಲಿ ಬುಚ್ಚಮ್ಮನ ಕಾರ್ಡು ರದ್ದಾದ ಆದೇಶ. ಇನ್ನೊಂದರಲ್ಲಿ ಹೊಸ ನೇಕಾರ ಕಾರ್ಡು, ಅದರ ಮೇಲೆ ಲಾಗಿನ್‌ನಲ್ಲಿದ್ದ ಶ್ರೀನಾಥನ ನಗುವ ಫೋಟೋ. ಸೇವ್ ಒತ್ತಿದಾಗ ಮಾಡೆಲ್ ಮತ್ತೆ ಇಣುಕಿ, ಬುಚ್ಚಮ್ಮನ ಹೆಸರು ಅಳಿಸಿ ಕೂತವನ ಹೆಸರು ಹಾಕಿತ್ತು. ಆಗ ಕುರ್ಚಿಯಲ್ಲಿ ಕೂತಿದ್ದವನು ಶ್ರೀನಾಥನೇ.

ಅವನ ಮುಖ ಹುಳ್ಳಗಾಯಿತು. “ಅವ್ವ, ಮತ್ತ ಅರ್ಜಿ ಹಾಕೋಣ್ರಿ. ಒಂದು ವರ್ಷ ಹಿಡೀಬಹುದು...”

ಬುಚ್ಚಮ್ಮ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಣ್ಣು ಒರೆಸಿಕೊಂಡು ಅದನ್ನು ಅವನ ಅಂಗಿಯ ಕಿಸೆಗೆ ಹಾಕಿದಳು.

“ಫೋಟೋ ಚಂದ ಬಂದೈತಿ. ನಾಳಿಂದ ಮನೀಗಿ ಬಾ, ನೇಯಾಕ ಕಲಸ್ತೀನಿ. ಗಂಟು ಮಾತ್ರ ನಿಂದ ನೀ ಹುಡಕ್ಕೋ. ನಂದು ಕೊಡಾಂಗಿಲ್ಲ.”