ಮಸ್ಕತ್ತಿನ ಬಾವಿ

"ಲೇ ಬೋಳಿಮಗನೆ, ಇದೇನು ನಿಮ್ಮ ಕೇರಿ ಹಂದಿಗೂಡು ಅನ್ಕೊಂಡ್ಯಾ? ಮಸ್ಕತ್ ಟೆಸ್ಟು ಕಣೋ! ಕಲ್ಲು ಗಟ್ಟಿಯಾಗಿ ಕೂರ್ಸು!"

ಕೋದಂಡರಾಮಪ್ಪಗೌಡನ ದನಿ ಬಾವಿಯ ದಂಡೆಯಿಂದ ಬಿತ್ತು. ಅದರ ಹಿಂದೆಯೇ ಎಲೆಅಡಿಕೆಯ ಉಗುಳು. ತಳದಲ್ಲಿದ್ದ ಆವಲಪ್ಪ ಭುಜ ಒರೆಸಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಕಲ್ಲಿತ್ತು.

ಎಂಬತ್ತೊಂದರ ಬೇಸಿಗೆ. ವಕ್ಕಲೇರಿ ಕಡೆಯ ಈ ಬತ್ತಿದ ಬಾವಿಗೆ ಅವನು ಇಳಿದದ್ದು ಒಂದೇ ಆಸೆಗೆ. ಪಾಸಾದರೆ ಮಸ್ಕತ್ತಿಗೆ ಮೇಸ್ತ್ರಿ ವೀಸಾ. ಹುಟ್ಟಿದಾಗಿನಿಂದ 'ಏನ್ಲಾ' ಅನ್ನಿಸಿಕೊಂಡವನ ಹೆಸರಿನ ಪಕ್ಕ, ಸರ್ಕಾರದ ಮೊಹರಿನ ಕೆಳಗೆ, ಮೇಸ್ತ್ರಿ ಎಂದು ಬೀಳುತ್ತದೆ. ಬೊಂಬಾಯಿ ಏಜೆಂಟು ಎಂದು ಹೇಳಿಕೊಂಡು ಬಂದವನು ಕಪ್ಪು ಕನ್ನಡಕ ಹಾಕಿ ಹೊಂಗೆಯ ನೆರಳಲ್ಲಿ ಎಳನೀರು ಹೀರುತ್ತಿದ್ದ. ಟೆಸ್ಟಿಗೆ ಬಂದವರೆಲ್ಲರ ಪಾಸ್‌ಪೋರ್ಟೂ ಗೌಡನ ಕಂಕುಳ ಚೀಲದಲ್ಲಿ.

ಹೊಲಗೇರಿಯವರ ನೆರಳೂ ಬೀಳಬಾರದಿದ್ದ ಬಾವಿ. ತಾನು ಆ ಕೇರಿಯವನೆಂದು ಆವಲಪ್ಪ ಇಳಿಯಲು ಅಳುಕಿದ್ದಕ್ಕೆ ಗೌಡ ನಕ್ಕಿದ್ದ: "ನೀರಿಲ್ದಿರೋ ಬಾವಿಗೆ ಎಂಥ ಮೈಲಿಗೆಯೋ? ಇಳಿ, ಇಳಿ."

ತಳ ತೋಡುವುದು, ಮೇಲೆ ನೇತುಬಿದ್ದ ಬಾವಿಗೋಡೆಗೆ ಕೆಳಗಿನಿಂದ ಕಲ್ಲು ಕೊಟ್ಟು ಆನಿಸುವುದು. ಇದೇ ಟೆಸ್ಟು. ಕಲ್ಲಿನ ಹಿಂದಿನಿಂದ ಮರಳು ಸರ್ರೆಂದಿತು. ಆವಲಪ್ಪ ಕಲ್ಲನ್ನು ಇನ್ನಷ್ಟು ಒತ್ತಿ ಹಿಡಿದ. ಮಾಲೂರಿನ ಹತ್ತಿರದ ಬಾವಿಯೊಂದರಲ್ಲಿ ಇಂಥದೇ ಸದ್ದಿನ ಹಿಂದೆ ಅವನಪ್ಪ ಹೂತುಹೋಗಿದ್ದ.

"ಅಣ್ಣಾ," ಪಕ್ಕದಲ್ಲೇ ಸಂದಿಗೆ ಕಲ್ಲುಚಕ್ಕೆ ತುರುಕುತ್ತಿದ್ದ ಶ್ರೀನಿವಾಸಪುರದ ಮುನಿಯಲ್ಲಪ್ಪ ಪಿಸುಗುಟ್ಟಿದ. "ಮೇಲಿನ ಕಲ್ಲಿನ ಸುತ್ತು ನೋಡ್ದಾ? ನಾನೇ ಕಟ್ಟಿದ್ದು. ಹೋದ್ಸಲದ ಟೆಸ್ಟು."

"ಪಾಸಾಗ್ಲಿಲ್ವಾ?"

"ಯಾವನಾದ್ರೂ ಆಗವ್ನಾ? ಎಲ್ರೂ ಫೇಲು. ಪಾಸ್‌ಪೋರ್ಟ್ ಕೊಡ್ರಿ ಅಂದ್ರೆ ಇನ್ನೊಂದು ಟೆಸ್ಟು ಕೊಡು ಅಂತಾನೆ ಗೌಡ, ಲಂಜಾಕೊಡುಕು."

ಆವಲಪ್ಪ ತಲೆಯೆತ್ತಿದ. ಒಂದರ ಕೆಳಗೊಂದು ಸುತ್ತು. ಒಂದೊಂದರಲ್ಲೂ ಒಬ್ಬೊಬ್ಬನ ಕೈ. ಫೇಲಾದವರೇ ಕಟ್ಟಿದ ಬಾವಿ.

"ಗೌಡ್ರೇ, ಮರಳು ಜಾರ್ತಾ ಐತೆ. ಮೇಲಕ್ಕೆ ಬರ್ತೀವಿ."

"ಹಗ್ಗ ಎಳ್ಕೊಳ್ರೋ!" ಗೌಡ ಆಳುಗಳಿಗೆ ಕೂಗಿದ. "ಪುಕ್ಲು ನನ್ಮಕ್ಳಾ, ಬಾವಿಗೇ ಉಚ್ಚೆ ಹುಯ್ಕೊಳ್ಳೋರು ಸಮುದ್ರ ದಾಟ್ತೀರಾ?"

ಹಗ್ಗದ ತುದಿ ಕೈಗೆ ಎಟುಕದಷ್ಟು ಮೇಲೆ ಹೋಯಿತು. ಆವಲಪ್ಪ ಹಾರೆ ಊರಿದ. ಎತ್ತಿದ. ಮತ್ತೆ ಊರಿದ. ಹಿಮ್ಮಡಿಗೆ ತಣ್ಣಗಾಯಿತು.

"ನೀರು ಬಂತು!" ಆಳೊಬ್ಬ ಅರಚಿದ. ಏಜೆಂಟು ಬಂದು ಬಗ್ಗಿ ನೋಡಿ "ಫೇಲ್" ಎಂದು ಎಳನೀರಿನ ಬುರುಡೆ ಎಸೆದು ಹೋದ. ಹಗ್ಗ ದಡದಡ ಕೆಳಗಿಳಿಯಿತು.

"ಹತ್ರೋ ಹೊಲಸು ನನ್ಮಕ್ಳಾ, ಬೇಗ! ನೀರು ಮುಟ್ಬೇಡ್ರೋ!" ಗೌಡ ಎದೆ ಬಡಿದುಕೊಳ್ಳುವಂತೆ ಕೂಗಿದ. "ಲೇ, ಐನೋರ್ನ ಕರ್ಕೊಂಡ್ಬನ್ರೋ, ಶುದ್ಧಿ ಮಾಡಿಸ್ಬೇಕು!"

ಮುನಿಯಲ್ಲಪ್ಪ ಹಗ್ಗ ಹಿಡಿದ. ಆವಲಪ್ಪ ಹಿಡಿಯಲಿಲ್ಲ. ಬೊಗಸೆ ತುಂಬ ಕೆಸರುನೀರೆತ್ತಿ ಕುಡಿದ. ಇನ್ನೊಂದು ಬೊಗಸೆ ಮುಕ್ಕಳಿಸಿ ಆ ನೀರಿಗೇ ಉಗಿದ. ಆಮೇಲೆ ಅದರಲ್ಲೇ ಕುಕ್ಕರಿಸಿದ.

"ಪಾಸ್‌ಪೋರ್ಟ್ ಬಿಡು ಗೌಡ ಕೆಳಕ್ಕೆ. ಎಲ್ರದ್ದೂ. ಆಮೇಲೆ ಹತ್ತೀನಿ."

ಮೇಲಿನಿಂದ ಅವ್ವ, ಅಕ್ಕ ಎಲ್ಲ ಸೇರಿದ ಬೈಗುಳ. ಹಿಂದೆಯೇ ಒಂದು ಕಲ್ಲು.

ಮುನಿಯಲ್ಲಪ್ಪ ಹಗ್ಗ ಬಿಟ್ಟು ಬಂದು ಪಕ್ಕದಲ್ಲಿ ಕೂತ.

ಹಗ್ಗ ಇಬ್ಬರ ಮೂಗಿನ ಮುಂದೆ ತೂಗುತ್ತಿತ್ತು. ನೀರು ಸೊಂಟಕ್ಕೆ ಬಂತು. ಬೆನ್ನ ಹಿಂದೆ, ಕಲ್ಲಿನ ಸಂದಿಯಿಂದ, ಮರಳು ಸರ್ರೆಂದು ಇಳಿಯುತ್ತಲೇ ಇತ್ತು.