ಓಟದ ಬಂಡಿಗೆ ಹಳಿ

ಬಸ್ಸಮ್ಮನಿಗೆ ಆಗ ಆರು ತಿಂಗಳು. ಗುರುಗುಂಟಾದ ಆಚೆಗಿದ್ದ ಆ ಸಣ್ಣ ಊರಿನ ಕೇರಿಯಲ್ಲಿ ಬಸುರಿಯ ಬಾಯಿಗೆ ಹುಣಸೆಕಾಯಿ ತಂದಿಡುವವರಿದ್ದರು. ಬಿಟ್ಟಿ ಚಾಕರಿಯಿಂದ ಅವಳನ್ನು ಬಿಡಿಸುವವರು ಯಾರೂ ಇರಲಿಲ್ಲ. ನಿಜಾಮ ಸರಕಾರದ ಗಿರ್ದಾವರನೋ ಅಮೀನನೋ ಬಂದು ಊರ ಮುಂದೆ ಡೇರೆ ಹೊಡೆಸಿದನೆಂದರೆ ಕೇರಿಯ ಗಂಡಸರು ಅವನ ಪೆಟ್ಟಿಗೆ ಹೊರಬೇಕು, ಹೆಂಗಸರು ಅವನ ಕುದುರೆಗಳಿಗೆ ಹುರುಳಿ ಒಡೆಯಬೇಕು. ಹೋದ ವರ್ಷ ಹಾಗೆ ದಿನವಿಡೀ ಬೀಸುಕಲ್ಲು ತಿರುವಿ ಬಂದ ಮೇಲೆಯೇ ಬಸ್ಸಮ್ಮನ ಹೊಟ್ಟೆಯಲ್ಲಿದ್ದದ್ದು ಜಾರಿಹೋಗಿತ್ತು. ಅದರ ಹಿಂದಿನ ಸಲವೂ ಅಷ್ಟೇ.

ಹಾಗಿರುವಾಗ ಟಪಾಲಿನ ಸುದ್ದಿ ಬಂತು. ಲಿಂಗಸುಗೂರಿನಿಂದ ಮಸ್ಕಿಗೆ ಟಪಾಲು ಒಯ್ಯುವ ಬಂಡಿಯವನು ಕಾಲು ಮುರಿದುಕೊಂಡು ಮಲಗಿದ್ದ. ಹೈದರಾಬಾದಿನಿಂದ ಹೊಸದಾಗಿ ಬಂದಿದ್ದ ಟಪಾಲಿನ ಸಾಹೇಬ, ಯಾರ ಶಿಫಾರಸನ್ನೂ ಕೇಳದೆ, ಬಂಡಿ ಓಟದಲ್ಲಿ ಮೊದಲು ಮಸ್ಕಿ ಮುಟ್ಟಿದವನಿಗೇ ಕೆಲಸ ಎಂದುಬಿಟ್ಟ. ಟಪಾಲಿನವನೆಂದರೆ ಸರಕಾರಿ ಮನುಷ್ಯ. ಅವನ ಮನೆಗೆ ಬಿಟ್ಟಿ ಮಾಫಿ.

ಬಸ್ಸಮ್ಮನ ಗಂಡ ಗಾಳೆಪ್ಪನ ಎತ್ತುಗಳು ಓಟಕ್ಕೆ ಹೆಸರಾದವು. ಬಂಡಿಯೂ ಹಗುರ. ಆದರೆ ಬಲಗಾಲಿಯ ಹಳಿ, ಮರದ ಗಾಲಿಯ ಸುತ್ತ ಬಿಗಿಯುವ ಆ ಕಬ್ಬಿಣದ ಪಟ್ಟಿ, ಸವೆದು ಸವೆದು ಎರಡು ತುಂಡಾಗಿ ಬಿದ್ದಿತ್ತು. ಊರ ಕಮ್ಮಾರನ ಬಳಿ ಹೋದರೆ ಅವನು ತಲೆ ಎತ್ತಲಿಲ್ಲ.

“ಗೌಡ್ರು ಬ್ಯಾಡ ಅಂದಾರಪಾ. ನಿನ್ನ ಗಾಲಿ ಮುಟ್ಟಿದ್ರ ಸುಗ್ಗ್ಯಾಗ ನನಗ ಕಾಳು ಅಳಿಯಂಗಿಲ್ಲ. ನೀ ಟಪಾಲ ಹೊಡಿಯಾಕ ಹೋದ್ರ ಅವರ ಮನಿ ಚಾಕರಿ ಯಾರು ಮಾಡಬೇಕು?”

ಉಳಿದವನು ಜಿಲಾನಿಸಾಬ್ ಒಬ್ಬನೇ. ಎತ್ತುಗಳ ಗೊರಸಿಗೆ ನಾಲು ಹೊಡೆಯುವ ನಾಲಬಂದ. ಹತ್ತೂರು ತಿರುಗಿ ಉಣ್ಣುವವನಾದ್ದರಿಂದ ಗೌಡನ ಕಾಳಿನ ಹಂಗಿರಲಿಲ್ಲ. ಲಿಂಗಸುಗೂರಿನ ಹಳೆಯ ದಂಡಿನ ಛಾವಣಿಯಲ್ಲಿ ಬಿದ್ದಿದ್ದ ತೋಪಿನ ಬಂಡಿಯ ಪಟ್ಟಿಯೊಂದನ್ನು ಹುಡುಕಿ ತಂದು, ಗಾಲಿಯ ಸುತ್ತಳತೆಗಿಂತ ತುಸು ಕಿರಿದಾಗಿ ಕಡಿದು, ತನ್ನ ಸಣ್ಣ ಕುಲುಮೆಯಲ್ಲೇ ತುದಿಗೆ ತುದಿ ಬೆಸೆದುಕೊಟ್ಟ.

“ಪಟ್ಟಿ ಭಾರೀ ಬಿರುಸೈತಿ ಗಾಳ್ಯಾ,” ಎಂದ. “ನಾ ಗೊರಸು ನೋಡಿದಾಂವ. ಹಳಿ ಏರ್ಸೂದು ನಂಗೂ ಹೊಸಾದು.”

“ಇನ್ಯಾರು ಅದಾರ ಕಾಕಾ? ನಾವ ಏರ್ಸೂನು.”

ಹಳಿಯನ್ನು ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಹಿಗ್ಗಿದಾಗ ಗಾಲಿಗೆ ತೊಡಿಸಿ, ಸುತ್ತಲೂ ಒಮ್ಮೆಲೇ ನೀರು ಹೊಯ್ಯಬೇಕು. ತಣಿದು ಕುಗ್ಗಿ ಮರವನ್ನು ಕಚ್ಚಿಕೊಳ್ಳುತ್ತದೆ. ನೀರು ತಡವಾದರೆ ಮರ ಸುಡುತ್ತದೆ. ಬೆಂಕಿಗೆ ಕುಳ್ಳು ಇದ್ದವು. ನೀರೇ ಇರಲಿಲ್ಲ. ಊರ ಬಾವಿಯನ್ನು ಕೇರಿಯವರು ಮುಟ್ಟುವಂತಿಲ್ಲ. ಹಳ್ಳದ ಉಸುಕಿನಲ್ಲಿ ತೋಡಿದ ಚಿಲುಮೆಯಲ್ಲಿ ಬಟ್ಟಲಿಗೆ ಸಿಕ್ಕಷ್ಟೇ ನೀರು. ಜಿಲಾನಿಸಾಬನ ಹೆಂಡತಿ ಮಾಸುಂಬಿ ತಮ್ಮ ಓಣಿಯ ಬಾವಿಯಲ್ಲಿ ತಳದ ರಾಡಿ ಬರುವ ತನಕ ಸೇದಿ ಬಸ್ಸಮ್ಮನ ಕೊಡಗಳಿಗೆ ಹೊಯ್ದಳು.

“ಬಸುರಿ ನೀ, ಎರಡೆರಡು ಕೊಡ ಹೊರಬ್ಯಾಡ,” ಎಂದು ಮಾಸುಂಬಿ ಗದರಿದಳು.

“ಈಗ ಹೊತ್ತರ ಮುಂದ ಹೊರೂದು ತಪ್ಪತೈತಿ, ಚಿಕ್ಕವ್ವ.”

ಮರುದಿನ ಮುಂಜಾನೆ ಕುಳ್ಳಿನ ಸುತ್ತು ಹೊತ್ತಿಕೊಂಡಿತು. ಗಾಲಿಯನ್ನು ಚಪ್ಪಡಿಯ ಮೇಲೆ ಮಲಗಿಸಿದ್ದರು. ಹಳಿ ಕೆಂಪಗಾದಾಗ ಗಂಡಸರಿಬ್ಬರೂ ಇಕ್ಕಳದಲ್ಲಿ ಹಿಡಿದು ತಂದು ಗಾಲಿಯ ಮೇಲೆ ಇಳಿಸಿದರು. ಕಮ್ಮಾರನಾಗಿದ್ದರೆ ನಾಲ್ಕು ಆಳು ನಿಲ್ಲಿಸಿಕೊಳ್ಳುತ್ತಿದ್ದ. ಇಲ್ಲಿ ಈ ಕಡೆ ಬಡಿದು ಕೂರಿಸಿದರೆ ಆ ಕಡೆ ಎದ್ದಿತು. ಆ ಕಡೆಗೆ ಓಡಿ ಹಾರೆಯಲ್ಲಿ ಅದುಮಿದರೆ ಈ ಕಡೆ ಜಿಗಿಯಿತು.

“ಹಳಿ ಅಲ್ಲ ಇದು, ನನ್ನ ಅತ್ತಿ ಕೊಳ್ಳು!” ಎಂದಳು ಮಾಸುಂಬಿ. “ಸತ್ರೂ ಬಾಗಂಗಿಲ್ಲ.”

“ನಮ್ಮವ್ವನ ಸುದ್ದಿ ಬಿಟ್ಟು ನೀರು ಹಾಕ!” ಎಂದು ಜಿಲಾನಿಸಾಬ್ ಕೂಗಿದ.

ಅಷ್ಟರಲ್ಲಿ ಹಳಿ ಕೂತ ಕಡೆ ಮರಕ್ಕೆ ಬೆಂಕಿ ಹತ್ತಿತ್ತು. ಬಸ್ಸಮ್ಮ ನೀರು ಸುರಿದಳು. ಉರಿ ಆರಿತು, ಮತ್ತೆ ಪಕ್ಕದಲ್ಲೇ ಎದ್ದಿತು, ಮತ್ತೆ ಸುರಿದಳು. ಗಾಳೆಪ್ಪ ಸುತ್ತಿಗೆ ಎತ್ತಿ ಎತ್ತಿ ಬಡಿದ. ಕೊನೆಗೂ ಹಳಿ ಧಡ್ ಎಂದು ಪೂರ್ತಿ ಇಳಿದು ಕೂತಿತು.

“ಹಾಕ್ರಿ ನೀರು, ಈ ಕಡೆ, ಈ ಕಡೆ!”

ಬಸ್ಸಮ್ಮ ಕೊಡ ಎತ್ತಿದಳು. ಹಗುರಾಗಿತ್ತು. ಇನ್ನೊಂದು ಎತ್ತಿದಳು, ಅದೂ ಹಗುರ. ತಳದ ರಾಡಿಯನ್ನೇ ಬಾಚಿ ಚೆಲ್ಲಿದಳು. ಅದೇ ರಾಡಿಯಲ್ಲಿ ಸೆರಗು ಒದ್ದೆ ಮಾಡಿಕೊಂಡು ಉರಿಯ ಮೇಲೆ ಒತ್ತಿದಳು. ಗಂಡಸರು ಮಣ್ಣು ಎರಚಿದರು. ಹೊಗೆ ನಿಂತಾಗ ಗಾಲಿಯ ಒಂದು ಮಗ್ಗುಲು ಹಳಿಯ ಕೆಳಗೆ ಕರ್ರಗಾಗಿತ್ತು. ಗಾಳೆಪ್ಪ ಉಗುರು ಹಾಕಿ ಕೆರೆದ. ಇದ್ದಿಲು ಉದುರಿತು.



ಗಾಲಿಯನ್ನು ಅಚ್ಚಿಗೆ ಏರಿಸಿ, ಬಂಡಿಯನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ ತಿರುಗಿಸಿದರು. ಬೆಸುಗೆ ಹಾಕಿದ ಕಡೆ ಭಾರ, ಸುಟ್ಟ ಕಡೆ ಹಗುರ. ಗಾಲಿ ಪ್ರತಿ ಸಲವೂ ಬೆಸುಗೆಯನ್ನು ಕೆಳಗೆ ಮಾಡಿಕೊಂಡೇ ನಿಂತಿತು. ಹೀಗೆ ತೂಕ ತಪ್ಪಿದ ಗಾಲಿ ಓಟದಲ್ಲಿ ಬಂಡಿಯನ್ನು ಕುಣಿಸುತ್ತದೆ. ಜಿಲಾನಿಸಾಬ್ ತನ್ನ ಚೀಲದಿಂದ ಎತ್ತಿನ ಹಳೆಯ ನಾಲುಗಳನ್ನು ತೆಗೆದು, ಹಗುರಾದ ಕಡೆ ಒಳಮೈಗೆ ಒಂದೊಂದಾಗಿ ಮೊಳೆ ಹೊಡೆದ. ತಿರುಗಿಸಿದ, ಮತ್ತೊಂದು ಹೊಡೆದ. ಹೊತ್ತು ನೆತ್ತಿಗೆ ಬರುವಾಗ ಗಾಲಿ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲತೊಡಗಿತು.

“ತೂಕಕ್ಕ ಬಂತು ನೋಡು,” ಎಂದ ಗಾಳೆಪ್ಪ. ಮುಖ ಅರಳಿತ್ತು.

ಬಸ್ಸಮ್ಮ ತಿರುಗುವ ಗಾಲಿಯನ್ನೇ ನೋಡುತ್ತಿದ್ದಳು. ತೂಕವೇನೋ ಬಂದಿತ್ತು. ಇದ್ದಿಲನ್ನು ಹಿಡಿದ ಕಬ್ಬಿಣ ಎಷ್ಟು ದೂರ ಹಿಡಿದೀತು? ಕೇಳಲು ಬಾಯಿ ತೆರೆದವಳು ಗಂಡನ ಮುಖ ನೋಡಿ, “ಬುತ್ತಿ ಕಟ್ಟತೀನಿ,” ಎಂದಳು.

ಓಟದ ದಿನ ಅವಳು ಕೇರಿಯ ಬೇವಿನ ಕೆಳಗೆ ಕೂತೇ ಇದ್ದಳು. ಮರುದಿನ ಇಳಿಹೊತ್ತಿಗೆ ಎತ್ತುಗಳು ಬಂದವು. ಹಿಂದೆ ಬಂಡಿ ಇರಲಿಲ್ಲ. ಗಾಳೆಪ್ಪ ಹಳಿಯನ್ನು ಹೆಗಲಿಗೆ ಹಾಕಿಕೊಂಡು ನಡೆದು ಬರುತ್ತಿದ್ದ.

“ಮಸ್ಕಿ ಹಳ್ಳದ ಮಟ ನಾನ ಮುಂದಿದ್ದೆ ಬಸ್ಸಿ,” ಎಂದ, ಹಳಿಯನ್ನು ಗೋಡೆಗೆ ಆನಿಸಿ. “ಸಾಹೇಬ ಆಚಿ ದಂಡಿಗೆ ನಿಂತದ್ದು ಕಾಣತಿತ್ತು. ಉಸುಕಿನ್ಯಾಗ ಇಳೀತು ನೋಡು ಗಾಲಿ, ಏಳೂದ್ರಾಗ ಹಳಿ ಅಲ್ಲೇ ಉಳೀತು. ಬರೇ ಮರದ ಮ್ಯಾಲೆ ಹೊಡದೆ. ನಾಕು ಹೆಜ್ಜಿಗೆ ಗಾಲಿ ಅರ ಎಲ್ಲಾ ಕಿತ್ತು ಬಿದ್ದವು.”

“ನೀರು ಸಾಲಲಿಲ್ಲ,” ಎಂದಳು ಬಸ್ಸಮ್ಮ. “ನಾ ಮೊದಲ ಅಷ್ಟು ಸುರವಬಾರದಿತ್ತು.”

“ನೀರಿಂದೇನೂ ಇಲ್ಲ ಬೇ. ಅಳತಿನ ತಪ್ಪಿತ್ತು, ನಂದು.”

ಅಳತೆ ತಪ್ಪಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಎತ್ತುಗಳಿಗೆ ಸೊಪ್ಪೆ ಹಾಕಿದಳು. ಅವನಿಗೆ ರೊಟ್ಟಿ ಕೊಟ್ಟಳು. ಅವನು ಮುರಿದು ಕೈಯಲ್ಲೇ ಹಿಡಿದುಕೊಂಡು ಕೂತ.

ಅಷ್ಟರಲ್ಲಿ ಕೇರಿಯ ಮುಂದೆ ಊರ ತಳವಾರನ ದನಿ ಕೇಳಿತು.

“ಗಾಳ್ಯಾ! ಗಿರ್ದಾವರ ಸಾಹೇಬ ಬಂದಾನ, ಕುದುರಿ ಬಾಳ ಅದಾವ. ನಿನ್ನ ಹೇಣ್ತಿನ ಕಳಸು ಹುರುಳಿಗೆ.”

“ಆಕಿ ಬಸುರಿ ಅದಾಳೋ ಯಣ್ಣಾ. ನಾ ಬರತೀನಿ, ನಾನ ಒಡೀತೀನಿ.”

ತಳವಾರ ನಕ್ಕ. “ಬೀಸಾಕ ಬರತೈತೇನಲೇ ನಿನಗ? ಟಪಾಲ ಹೊಡಿಯಾಕ ಬಂದಂಗ? ನಿಂದು ಬ್ಯಾರೆ ಐತಿ, ನಾಳಿ ಪೆಟಿಗಿ ಹೊರೂದು. ಏಳವಾ ತಂಗಿ, ಗೌಡ್ರು ನಿನ್ನ ಹೆಸರ ಹೇಳ್ಯಾರ, ನಾ ಏನ್ ಮಾಡ್ಲಿ?”

ಗಾಳೆಪ್ಪ ಎದ್ದು ನಿಂತ. ಮತ್ತೆ ಕೂತ.

ಬಸ್ಸಮ್ಮ ಸೆರಗನ್ನು ಹೊಟ್ಟೆಯ ಕೆಳಗೆ ಬಿಗಿದು ಕಟ್ಟಿಕೊಂಡು ತಳವಾರನ ಹಿಂದೆ ನಡೆದಳು. ಡೇರೆಯ ಪಕ್ಕದಲ್ಲಿ ಬೀಸುಕಲ್ಲು ಆಗಲೇ ತಂದಿಟ್ಟಿದ್ದರು. ಅವಳು ಕಾಲು ಚಾಚಿ, ಗೂಟ ಹೊಟ್ಟೆಗೆ ತಾಗದಂತೆ ತುಸು ಓರೆಯಾಗಿ ಕೂತು, ಮೊದಲ ಹಿಡಿ ಹುರುಳಿ ಹಾಕಿದಳು.