ಪೂವಪ್ಪಣ್ಣ ಗ್ಯಾರೇಜಿಗೆ ಫೋನು ಮಾಡಿದ್ದು

ವಡಾಲದಲ್ಲಿ ಪುಟ್ಟ ಹೋಟೆಲು ನಡೆಸುವ ಪೂವಪ್ಪಣ್ಣ ಹಳೆಯ ಕಾರೊಂದನ್ನು ಕೊಂಡಿದ್ದರು. ಹೆಂಡತಿ ಶೀಲಾವತಿ ತುಂಬಿದ ಬಸುರಿ. ಅವಳನ್ನು ಸ್ವಂತ ಕಾರಿನಲ್ಲೇ ಹೆರಿಗೆ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಅವರಿಗೆ ಬಲು ಆಸೆ. ಆದರೆ ಬ್ರೇಕು ಒಮ್ಮೆ ತುಳಿದರೆ ಹಿಡಿಯುತ್ತಿರಲಿಲ್ಲ, ಮತ್ತೆ ಮತ್ತೆ ತುಳಿಯಬೇಕಿತ್ತು.

"ನಾನು ಟ್ರಾಮಿನಲ್ಲೇ ಹೋಗ್ತೇನೆ. ನಿಮ್ಮ ಕಾರಿಗೆ ಹತ್ತುದಿಲ್ಲ" ಎಂದಳು ಶೀಲಾವತಿ.

ಪೂವಪ್ಪಣ್ಣ ಗಲ್ಲಾದ ಮೇಲಿದ್ದ ಫೋನು ಎತ್ತಿ ಪರೇಲಿನ ಗ್ಯಾರೇಜಿಗೆ ಹಚ್ಚಿದರು. "ಏನಾಗಬೇಕು?" ಎಂದು ಆ ಕಡೆಯವನು ಹಿಂದಿಯಲ್ಲಿ ಕೇಳಿದ. ದಿನವಿಡೀ ಗಿರಾಕಿಗಳ ಬಾಯಲ್ಲಿ ಕೇಳಿದ್ದೇ ಪೂವಪ್ಪಣ್ಣನ ಬಾಯಿಗೂ ಬಂತು: "ಏನೇನುಂಟು?"

ಅವನೂ ಒಂದೇ ಉಸಿರಿಗೆ ಒದರಿದ. ಆಯಿಲ್ ಬದಲಿ, ಗ್ರೀಸಿಂಗ್, ಟ್ಯೂನಿಂಗ್, ಕ್ಲಚ್ಚು, ಕಾರ್ಬುರೇಟರು. ಇದರಲ್ಲಿ ಯಾವುದು ಬೇಕು? ಹೋಟೆಲಾಗಿದ್ದರೆ ಒಂದು ಕಾಫಿ ಎಂದು ಪಾರಾಗಬಹುದಿತ್ತು. ಪೂವಪ್ಪಣ್ಣ ಕಕ್ಕಾಬಿಕ್ಕಿಯಾಗಿ, "ಆಮೇಲೆ ಹೇಳ್ತೇನೆ" ಎಂದು ಫೋನು ಇಟ್ಟುಬಿಟ್ಟರು.

ಅಷ್ಟರಲ್ಲಿ ಶೀಲಾವತಿಯನ್ನು ನೋಡಲು ರಾಚವ್ವ ಬಂದಳು. ಧಾರವಾಡದ ಕಡೆಯವಳು, ಅದೇ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು.

"ಗ್ಯಾರೇಜಿನವರ ಮಾತು ತಲೆಬುಡ ತಿಳಿಯುದಿಲ್ಲ ರಾಚಕ್ಕ" ಎಂದು ಪೂವಪ್ಪಣ್ಣ ಗೋಳು ಹೇಳಿಕೊಂಡರು. "ಏನೂ ಗೊತ್ತಿಲ್ಲದವ ಅಂತ ನಗುದಿಲ್ವಾ?"

"ನಕ್ಕರ ನಗವಲ್ರ್ಯಾಕ! ನಮ್ಮ ದವಾಖಾನಿಗೆ ಬಂದವ್ರು ಔಷಧದ ಹೆಸರು ಹೇಳ್ತಾರೇನ್ರಿ? ಎಲ್ಲಿ ನೋಯ್ತದ, ಯಾವಾಗಿಂದ ನೋಯ್ತದ, ಅಷ್ಟ ಹೇಳ್ತಾರ. ನಿಮ್ಮ ಗಾಡಿಗೇನು ತ್ರಾಸದ, ಅದನ್ನ ಹೇಳ್ರಿ."

"ಅವ ಮತ್ತೆ ಏನಾದ್ರೂ ಕೇಳಿದ್ರೆ?"

"ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅನ್ರಿ."

ಮತ್ತೆ ಫೋನು. ಈ ಸಲ ಪೂವಪ್ಪಣ್ಣನೇ ಮೊದಲು ಮಾತು ತೆಗೆದರು. ಹೆಸರು ಹೇಳಿದರು, ಹೋಟೆಲಿನ ಗುರುತು ಹೇಳಿದರು. ಯಾವ ಕಾರು ಎಂದದ್ದಕ್ಕೆ "ಕಪ್ಪು" ಎಂದರು. ರಾಚವ್ವ ಹಣೆ ಚಚ್ಚಿಕೊಂಡಳು. ಕೊನೆಗೆ ಹೊರಗೆ ಓಡಿ, ಕಾರಿನ ಮೂತಿಯ ಮೇಲಿದ್ದ ಹೆಸರು ಓದಿಕೊಂಡು ಬಂದರು. ಬ್ರೇಕಿನ ಕಥೆ ಹೇಳಿದರು. ಆ ಕಡೆಯವನು ಸಿಲಿಂಡರು, ಲೈನಿಂಗು ಎಂದು ಶುರುಮಾಡಿದ.

"ನಿಲ್ಲಿ. ನನಗೆ ಅರ್ಥ ಆಗ್ಲಿಲ್ಲ, ನಿಧಾನ ಹೇಳಿ" ಎಂದೇಬಿಟ್ಟರು ಪೂವಪ್ಪಣ್ಣ.

ಯಾರೂ ನಗಲಿಲ್ಲ. ಅವನ ದನಿ ಮೆತ್ತಗಾಯಿತು. "ಇವತ್ತು ಗಾಡಿ ತೆಗೆಯುವುದುಂಟೇ?"

"ಉಂಟು. ಸಂಜೆ ಹೆಂಡತಿಯನ್ನು ಆಸ್ಪತ್ರೆಯಲ್ಲಿ ತೋರಿಸ್ಬೇಕು."

"ಬೇಡ ಸೇಟ್. ಗಾಡಿ ಮುಟ್ಟಲೇಬೇಡಿ. ನಾವೇ ಬರುತ್ತೇವೆ."

"ನನ್ನನ್ನು ಕೇಳದೆ ಬೇರೆ ಕೆಲಸ ಹಚ್ಚಿಕೊಳ್ಬೇಡಿ" ಎಂದೂ ಪೂವಪ್ಪಣ್ಣ ಹೇಳಿದರು. ಅಷ್ಟು ಧೈರ್ಯ ಎಲ್ಲಿಂದ ಬಂತೋ ಅವರಿಗೇ ಗೊತ್ತಾಗಲಿಲ್ಲ.

ಮಧ್ಯಾಹ್ನ ಮೆಕ್ಯಾನಿಕ್ ಬಂದು ಕಾರಿನಡಿ ನುಸುಳಿದ. ಎದ್ದು ಬಂದಾಗ ಅವನ ಬೆರಳುಗಳಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. "ಬ್ರೇಕಿನ ಎಣ್ಣೆ ಹೆಚ್ಚುಕಡಿಮೆ ಎಲ್ಲ ಸೋರಿದೆ. ಇವತ್ತು ತುಳಿದಿದ್ದರೆ ಗಾಡಿ ನಿಲ್ಲುತ್ತಿರಲಿಲ್ಲ" ಎಂದ.

ಪೂವಪ್ಪಣ್ಣ ಹೋಗಿ ಬೆಂಚಿನ ಮೇಲೆ ಕೂತರು. ಶೀಲಾವತಿ ಪಕ್ಕದಲ್ಲಿ ಕೂತು ಅವರ ಕೈ ಹಿಡಿದಳು. ಸಂಜೆ ಇಬ್ಬರೂ ಟ್ರಾಮಿನಲ್ಲೇ ಹೋದರು. ರಿಪೇರಿಯಾಗಿ ಬಂದ ಕಾರಿಗೆ ಅವಳೇ ಮೊದಲು ಹತ್ತಿದಳು. ಆಮೇಲೆ ಹುಟ್ಟಿದ ಮಗಳು ಆಸ್ಪತ್ರೆಯಿಂದ ಮನೆಗೆ ಬಂದದ್ದೂ ಅದರಲ್ಲೇ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿ ಮುಷ್ಕರ ಹೂಡಿದೆಯೇ? ನಾಚಿಕೆ ಬಿಟ್ಟು ಇವತ್ತೇ ಫೋನು ಮಾಡಿ. ಕಾರಿನ ಹೆಸರು ಮೊದಲೇ ನೋಡಿಟ್ಟುಕೊಳ್ಳಿ, ಕಷ್ಟವನ್ನು ನಿಮ್ಮ ಮಾತಿನಲ್ಲೇ ಹೇಳಿ, ಓಡಿಸಬಹುದೇ ಎಂದು ಮರೆಯದೆ ಕೇಳಿ. ನಾಲಿಗೆ ತೊದಲಿದರೆ ತೊದಲಲಿ. ಆ ಗಾಡಿಯಲ್ಲಿ ಕೂರುವವರು ನಿಮ್ಮ ಮನೆಯವರು.